ಮುಚ್ಚಳವಿರುವ ಮತ್ತು ಮುಚ್ಚಳವಿಲ್ಲದ ಗಿಟಾರ್ ಪಿಕಪ್‌ಗಳು

ಪಿಕಪ್ ಎಂಬುದು ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕಂಪನವನ್ನು ವಿದ್ಯುತ್ ಸಂಕೇತವಾಗಿ ಪರಿವರ್ತಿಸುವ ಸಾಧನ. ಕಾಂತದ ಸುತ್ತ ತಾಮ್ರದ ಸಣ್ಣ ಎಳೆಯನ್ನು ಸಾವಿರಾರು ಸುತ್ತು ಸುತ್ತಿ ಇದನ್ನು ತಯಾರಿಸುತ್ತಾರೆ. ಕೆಲವು ಪಿಕಪ್‌ಗಳ ಮೇಲೆ ಲೋಹದ ಮುಚ್ಚಳವಿರುತ್ತದೆ. ಇನ್ನು ಕೆಲವುಗಳಲ್ಲಿ ಸುರುಳಿಗಳು ತೆರೆದೇ ಇರುತ್ತವೆ. ಈ ವ್ಯತ್ಯಾಸವು ಹೆಚ್ಚಾಗಿ ಚರ್ಚೆಗೆ ಬರುವುದು ಹಂಬಕರ್ ಎಂಬ ಜೋಡಿ ಸುರುಳಿಯ ಪಿಕಪ್‌ನ ಸಂದರ್ಭದಲ್ಲಿ. ಮುಚ್ಚಳವು ಕೇವಲ ಅಲಂಕಾರವಲ್ಲ. ಅದು ನಾದದ ಮೇಲೆ, ಗದ್ದಲದ ಮೇಲೆ, ಹಳೆಯ ವಾದ್ಯವಾದರೆ ಅದರ ಬೆಲೆಯ ಮೇಲೂ ಪರಿಣಾಮ ಬೀರುತ್ತದೆ.

ಹಿನ್ನೆಲೆ

ಒಂದೇ ಸುರುಳಿಯ ಪಿಕಪ್ ತಂತಿಯ ಕಂಪನದ ಜೊತೆಗೆ ಸುತ್ತಲಿನ ವಿದ್ಯುತ್ ಉಪಕರಣಗಳ ಗುಂಯ್‌ಗುಡುವ ಸದ್ದನ್ನೂ ಹಿಡಿದುಕೊಳ್ಳುತ್ತದೆ. ಈ ತೊಂದರೆಯನ್ನು ನಿವಾರಿಸಲು ಅಮೆರಿಕದ ಗಿಬ್ಸನ್ ಸಂಸ್ಥೆಯಲ್ಲಿದ್ದ ಸೇತ್ ಲವರ್ ಎಂಬ ತಂತ್ರಜ್ಞರು ಎರಡು ಸುರುಳಿಗಳನ್ನು ಅಕ್ಕಪಕ್ಕದಲ್ಲಿಟ್ಟು, ಅವುಗಳ ಕಾಂತಧ್ರುವಗಳನ್ನೂ ವಿದ್ಯುತ್ ಜೋಡಣೆಯನ್ನೂ ಪರಸ್ಪರ ವಿರುದ್ಧವಾಗಿಸಿದರು. ಹೊರಗಿನ ಗದ್ದಲ ಎರಡು ಸುರುಳಿಗಳಲ್ಲಿ ಒಂದನ್ನೊಂದು ಅಳಿಸಿಹಾಕುತ್ತದೆ. ತಂತಿಯ ಸಂಕೇತ ಮಾತ್ರ ಕೂಡಿಕೊಳ್ಳುತ್ತದೆ. 1955ರಲ್ಲಿ ಸಲ್ಲಿಸಿದ ಪೇಟೆಂಟ್ ಅರ್ಜಿಗೆ 1959ರ ಜುಲೈ 28ರಂದು ಮಂಜೂರಾತಿ ದೊರೆಯಿತು. ಆರಂಭದ ವರ್ಷಗಳಲ್ಲಿ ತಯಾರಾದ ಅನೇಕ ಪಿಕಪ್‌ಗಳ ತಳದಲ್ಲಿ ‘ಪೇಟೆಂಟಿಗೆ ಅರ್ಜಿ ಸಲ್ಲಿಸಲಾಗಿದೆ’ ಎಂಬರ್ಥದ ಇಂಗ್ಲಿಷ್ ಚೀಟಿ ಅಂಟಿಸಿರುತ್ತಿತ್ತು. ಆದ್ದರಿಂದಲೇ ಅವುಗಳಿಗೆ ‘ಪಿ.ಎ.ಎಫ್.’ ಎಂಬ ಹೆಸರು ನಿಂತಿತು. ಮುಂದೆ ಪೇಟೆಂಟ್ ಸಂಖ್ಯೆಯುಳ್ಳ ಚೀಟಿ ಬಂದಾಗ ಅದರಲ್ಲಿ ಮುದ್ರಿತವಾಗಿದ್ದದ್ದು ಪಿಕಪ್‌ನ ಸಂಖ್ಯೆಯಲ್ಲ. ಲೆಸ್ ಪಾಲ್ ಅವರ ಹೆಸರಿನಲ್ಲಿದ್ದ, ಗಿಟಾರಿನ ತಂತಿ ಬಿಗಿಯುವ ಭಾಗವೊಂದರ ಪೇಟೆಂಟ್ ಸಂಖ್ಯೆ.

ಈ ಮೊದಲ ಹಂಬಕರ್‌ಗಳೆಲ್ಲವೂ ಮುಚ್ಚಳ ಹಾಕಿಯೇ ಕಾರ್ಖಾನೆಯಿಂದ ಹೊರಬರುತ್ತಿದ್ದವು. ಮುಚ್ಚಳದ ಒಂದು ಬದಿಯಲ್ಲಿ ಆರು ರಂಧ್ರಗಳಿದ್ದು, ಒಂದು ಸುರುಳಿಯ ತಿರುಪುಗಳ ತಲೆ ಮಾತ್ರ ಹೊರಗೆ ಕಾಣುತ್ತದೆ. ಇನ್ನೊಂದು ಸುರುಳಿ ಪೂರ್ಣವಾಗಿ ಮರೆಯಾಗಿರುತ್ತದೆ.

ಮುಚ್ಚಳದ ಲೋಹ

ಗದ್ದಲವನ್ನು ತಡೆಯಲು ಮುಚ್ಚಳ ವಿದ್ಯುದ್ವಾಹಕವಾಗಿರಬೇಕು, ಆದರೆ ಕಾಂತಕ್ಕೆ ಅಂಟುವ ಲೋಹವಾಗಿರಬಾರದು. ತೀರಾ ಒಳ್ಳೆಯ ವಾಹಕವಾದರೂ ಕಷ್ಟವೇ. ಅದು ನಾದದ ಮೇಲ್ಸ್ತರವನ್ನು ನುಂಗಿಬಿಡುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಸೂಕ್ತವೆನಿಸಿದರೂ ಅದಕ್ಕೆ ಬೆಸುಗೆ ಹಿಡಿಯುವುದು ಕಷ್ಟ. ಕೊನೆಗೆ ಆಯ್ಕೆಯಾದದ್ದು ನಿಕ್ಕಲ್ ಸಿಲ್ವರ್, ಅಂದರೆ ತಾಮ್ರ, ನಿಕ್ಕಲ್ ಮತ್ತು ಸತುವಿನ ಮಿಶ್ರಲೋಹ. ಹೆಸರಿನಲ್ಲಿ ಬೆಳ್ಳಿಯಿದ್ದರೂ ಇದರಲ್ಲಿ ಬೆಳ್ಳಿಯ ಅಂಶವೇ ಇಲ್ಲ. ನಮ್ಮಲ್ಲಿ ಹಬ್ಬ, ಗೃಹಪ್ರವೇಶಗಳಲ್ಲಿ ಉಡುಗೊರೆಯಾಗಿ ಕೊಡುವ ‘ಜರ್ಮನ್ ಸಿಲ್ವರ್’ ತಟ್ಟೆ, ಬಟ್ಟಲುಗಳ ಹೆಸರೂ ಇದೇ ಲೋಹದಿಂದ ಬಂದದ್ದು. ಹಿತ್ತಾಳೆಗೆ ಹೋಲಿಸಿದರೆ ಇದರ ವಿದ್ಯುತ್ ಪ್ರತಿರೋಧ ನಾಲ್ಕೈದು ಪಟ್ಟು ಹೆಚ್ಚು. ಇದರ ಮೇಲೆ ನಿಕ್ಕಲ್, ಕ್ರೋಮಿಯಂ ಅಥವಾ ಚಿನ್ನದ ಲೇಪ ಕೊಡುತ್ತಾರೆ.

ನಾದದ ಮೇಲಿನ ಪರಿಣಾಮ

ಪಿಕಪ್‌ನ ಸುರುಳಿ, ಅದರೊಳಗಿನ ಧಾರಕತ್ವ ಹಾಗೂ ಗಿಟಾರಿನಿಂದ ಆಂಪ್ಲಿಫೈಯರಿಗೆ ಹೋಗುವ ಕೇಬಲಿನ ಧಾರಕತ್ವ ಇವೆಲ್ಲ ಸೇರಿ ಒಂದು ನಿರ್ದಿಷ್ಟ ಆವರ್ತನದಲ್ಲಿ ಅನುರಣಿಸುತ್ತವೆ. ಸಾಮಾನ್ಯವಾಗಿ ಇದು 2ರಿಂದ 5 ಕಿಲೋಹರ್ಟ್ಸ್ ನಡುವೆ ಇರುತ್ತದೆ. ಮನುಷ್ಯನ ಕಿವಿ ಬಹಳ ಸೂಕ್ಷ್ಮವಾಗಿರುವುದೂ ಇದೇ ವ್ಯಾಪ್ತಿಯಲ್ಲಿ. ಹೀಗಾಗಿ ಈ ಅನುರಣನದ ಶಿಖರ ತುಸು ಎತ್ತರವಾದರೂ ತಗ್ಗಿದರೂ ಪಿಕಪ್‌ನ ಗುಣ ಬದಲಾದಂತೆ ಕೇಳಿಸುತ್ತದೆ.

ಬದಲಾಗುತ್ತಿರುವ ಕಾಂತಕ್ಷೇತ್ರದಲ್ಲಿ ಲೋಹದ ಹಾಳೆಯೊಂದಿದ್ದರೆ ಅದರಲ್ಲಿ ನೀರಿನ ಸುಳಿಯಂತೆ ಸುತ್ತುವ ವಿದ್ಯುತ್ ಪ್ರವಾಹಗಳು ಹುಟ್ಟುತ್ತವೆ. ಇವುಗಳನ್ನು ಸುಳಿಪ್ರವಾಹಗಳೆನ್ನುತ್ತಾರೆ. ಇವು ತಮ್ಮನ್ನು ಹುಟ್ಟಿಸಿದ ಬದಲಾವಣೆಯನ್ನೇ ವಿರೋಧಿಸುತ್ತವೆ. ಆವರ್ತನ ಏರಿದಷ್ಟೂ ವಿರೋಧ ಬಲವಾಗುತ್ತದೆ. ಪರಿಣಾಮವಾಗಿ ಮುಚ್ಚಳವು ಅನುರಣನದ ಶಿಖರವನ್ನು ಸ್ವಲ್ಪ ತಗ್ಗಿಸುತ್ತದೆ. ಮುಚ್ಚಳಕ್ಕೂ ಸುರುಳಿಗೂ ನಡುವೆ ಏರ್ಪಡುವ ಅಲ್ಪ ಧಾರಕತ್ವವು ಆ ಶಿಖರವನ್ನು ತುಸು ಕೆಳಗಿನ ಆವರ್ತನಕ್ಕೆ ಎಳೆಯುತ್ತದೆ. ಹಿತ್ತಾಳೆಯ ದಪ್ಪ ಮುಚ್ಚಳದಲ್ಲಿ ಇದು ಎದ್ದು ಕೇಳಿಸುವಷ್ಟಿರುತ್ತದೆ. ತೆಳುವಾದ ನಿಕ್ಕಲ್ ಸಿಲ್ವರ್‌ನಲ್ಲಿ ಬಹಳ ಕಡಿಮೆ. ಅಗ್ಗದ ಪಿಕಪ್‌ಗಳಲ್ಲಿ ಹಿತ್ತಾಳೆಯ ಮುಚ್ಚಳವೇ ಹೆಚ್ಚು ಕಂಡುಬರುವುದರಿಂದ, ‘ಮುಚ್ಚಳವಿದ್ದರೆ ನಾದ ಮಂಕು’ ಎಂಬ ಮಾತು ಅಂತಹ ವಾದ್ಯಗಳ ಮಟ್ಟಿಗೆ ನಿಜ. ಎಲ್ಲ ಮುಚ್ಚಳಗಳಿಗೂ ಅದನ್ನು ಅನ್ವಯಿಸುವುದು ಸರಿಯಲ್ಲ.

ಮುಚ್ಚಳ ತೆಗೆದೊಡನೆ ನಾದ ಅರಳಿತು ಎಂಬ ಅನುಭವಗಳನ್ನು ಎಚ್ಚರದಿಂದ ಪರಿಶೀಲಿಸಬೇಕು. ಈ ಕೆಲಸಕ್ಕಾಗಿ ಗಿಟಾರನ್ನು ಬಿಚ್ಚಿದಾಗ ಸಾಮಾನ್ಯವಾಗಿ ಹೊಸ ತಂತಿಗಳನ್ನು ಹಾಕುತ್ತಾರೆ, ಪಿಕಪ್‌ನ ಎತ್ತರವೂ ಬದಲಾಗಿರುತ್ತದೆ. ಮುಚ್ಚಳವಿಲ್ಲದಿದ್ದರೆ ಸುರುಳಿಯನ್ನು ತಂತಿಗೆ ಇನ್ನಷ್ಟು ಸಮೀಪಕ್ಕೆ ತರಬಹುದು. ಒಂದು ಮಿಲಿಮೀಟರ್ ಎತ್ತರದ ಬದಲಾವಣೆಯು ಮುಚ್ಚಳದ ಬದಲಾವಣೆಗಿಂತ ಹೆಚ್ಚು ಕೇಳಿಸಬಲ್ಲದು.

ಗದ್ದಲ ಮತ್ತು ಕಿರುಚು

ಜೋಡಿ ಸುರುಳಿಯೇ ಗದ್ದಲವನ್ನು ಅಳಿಸುವುದಾದರೆ ಮುಚ್ಚಳ ಯಾಕೆ ಎಂಬ ಪ್ರಶ್ನೆ ಸಹಜ. ಸುರುಳಿಗಳು ಅಳಿಸುವುದು ಟ್ರಾನ್ಸ್‌ಫಾರ್ಮರ್ ಮುಂತಾದವುಗಳಿಂದ ಬರುವ ಕಾಂತೀಯ ಗದ್ದಲವನ್ನು. ಟ್ಯೂಬ್‌ಲೈಟ್, ದೀಪದ ಡಿಮ್ಮರ್ ಮೊದಲಾದವುಗಳಿಂದ ವಿದ್ಯುತ್ ಕ್ಷೇತ್ರದ ಮೂಲಕ ಬರುವ ಚರಚರ ಸದ್ದು ಬೇರೆ ಬಗೆಯದು. ಅದನ್ನು ತಡೆಯುವುದು ತಳದ ಫಲಕದೊಂದಿಗೆ ಬೆಸುಗೆ ಹಾಕಿ ಗ್ರೌಂಡ್ ಮಾಡಿದ ಲೋಹದ ಮುಚ್ಚಳ. ಮುಚ್ಚಳವಿಲ್ಲದ ಹಂಬಕರ್‌ನಲ್ಲಿ ಈ ಸದ್ದು ತುಸು ಹೆಚ್ಚಿರುತ್ತದೆ.

ಮುಚ್ಚಳಕ್ಕೂ ಒಂದು ದೋಷವಿದೆ. ಆಂಪ್ಲಿಫೈಯರಿನ ಧ್ವನಿ ಬಹಳ ಏರಿದಾಗ, ಸುರುಳಿಗೆ ಭದ್ರವಾಗಿ ಅಂಟದ ಮುಚ್ಚಳವು ಚರ್ಮವಾದ್ಯದ ಹೊದಿಕೆಯಂತೆ ಕಂಪಿಸಿ, ಆ ಕಂಪನವು ಮತ್ತೆ ಸಂಕೇತವಾಗಿ ಆಂಪ್ಲಿಫೈಯರನ್ನು ಸೇರಿ, ಕರ್ಕಶವಾದ ಕಿರುಚು ಹುಟ್ಟುತ್ತದೆ. ಇದು ಸಂಗೀತಕ್ಕೆ ಒದಗುವ ದೀರ್ಘ ಮರುನಾದದಂತಲ್ಲ. ತಂತಿಗಳನ್ನು ಅಂಗೈಯಿಂದ ಒತ್ತಿ ಹಿಡಿದರೂ ನಿಲ್ಲುವುದಿಲ್ಲ. ಇದಕ್ಕೆ ಪರಿಹಾರವೆಂದರೆ ಪಿಕಪ್ಪನ್ನು ಕರಗಿಸಿದ ಮೇಣದಲ್ಲಿ ಮುಳುಗಿಸಿ ಗಾಳಿಗುಳ್ಳೆಗಳನ್ನು ಹೊರಡಿಸುವುದು. ಪ್ಯಾರಫಿನ್‌ಗೆ ಸ್ವಲ್ಪ ಜೇನುಮೇಣ ಬೆರೆಸಿ ಬಳಸುವುದು ರೂಢಿ. ಶಾಖ ಮಿತಿಮೀರಿದರೆ ಸುರುಳಿಯ ಪ್ಲಾಸ್ಟಿಕ್ ಚೌಕಟ್ಟು ಸೊಟ್ಟಗಾಗುತ್ತದೆ. 1950ರ ದಶಕದ ಪಿ.ಎ.ಎಫ್. ಪಿಕಪ್‌ಗಳಿಗೆ ಮೇಣ ಹಾಕಿರಲಿಲ್ಲ. ಅಂದಿನ ಸಣ್ಣ ಆಂಪ್ಲಿಫೈಯರುಗಳಿಗೆ ಅದರ ಅಗತ್ಯವೂ ಇರಲಿಲ್ಲ.

ಮುಚ್ಚಳ ತೆಗೆಯುವ ರೂಢಿ

1960ರ ದಶಕದ ನಡುವಿನಲ್ಲಿ ಇಂಗ್ಲೆಂಡಿನ ಬ್ಲೂಸ್ ವಾದಕರು ಆಂಪ್ಲಿಫೈಯರುಗಳನ್ನು ತುಂಬುಧ್ವನಿಗೆ ಏರಿಸಿ ನುಡಿಸತೊಡಗಿದರು. ಆಗ ಮುಚ್ಚಳ ತೆಗೆಯುವುದೂ ರೂಢಿಗೆ ಬಂತು. ಇದನ್ನು ಪ್ರಚುರಪಡಿಸಿದವರಲ್ಲಿ ಎರಿಕ್ ಕ್ಲಾಪ್ಟನ್ ಮುಖ್ಯರು. 1966ರಲ್ಲಿ ಬಿಡುಗಡೆಯಾದ ಜಾನ್ ಮೇಯಲ್ ತಂಡದ ‘ಬ್ಲೂಸ್ ಬ್ರೇಕರ್ಸ್’ ಆಲ್ಬಂನಲ್ಲಿ ಅವರು ನುಡಿಸಿದ ಲೆಸ್ ಪಾಲ್ ಗಿಟಾರಿನ ನಾದವನ್ನು ಅನೇಕರು ಆದರ್ಶವಾಗಿ ಸ್ವೀಕರಿಸಿದರು. ಆ ಗಿಟಾರು ಅದೇ ವರ್ಷ ಕಳವಾಯಿತು.

1970ರ ದಶಕದಲ್ಲಿ ತೆರೆದ ಸುರುಳಿಯೇ ಒಂದು ಶೈಲಿಯಾಯಿತು. ಡಿಮಾರ್ಜಿಯೋ ಸಂಸ್ಥೆಯ ‘ಸೂಪರ್ ಡಿಸ್ಟಾರ್ಷನ್’ ಎಂಬ ಬಲವಾದ ಪಿಕಪ್ ಮುಚ್ಚಳವಿಲ್ಲದೆಯೇ ಮಾರುಕಟ್ಟೆಗೆ ಬಂದಿತು. ಎರಡೂ ಸುರುಳಿಗಳು ಕೆನೆಬಣ್ಣದಲ್ಲಿರುವ ರೂಪವನ್ನು ಆ ಸಂಸ್ಥೆ ಅಮೆರಿಕದಲ್ಲಿ ತನ್ನ ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸಿಕೊಂಡಿದೆ.

ಈ ಕೆನೆಬಣ್ಣದ ಹಿಂದೆ ಒಂದು ವಿಚಿತ್ರ ಸಂಗತಿಯಿದೆ. 1959ರ ಸುಮಾರಿಗೆ ಗಿಬ್ಸನ್ ಪಿಕಪ್‌ಗಳ ಕಪ್ಪು ಚೌಕಟ್ಟುಗಳ ಜೊತೆಗೆ ಕೆನೆಬಣ್ಣದವೂ ಬಳಕೆಯಾದವು. ಒಂದು ಕಪ್ಪು, ಒಂದು ಕೆನೆಬಣ್ಣವಿದ್ದರೆ ಅದನ್ನು ‘ಜೀಬ್ರಾ’ ಎನ್ನುತ್ತಾರೆ. ಮುಚ್ಚಳದ ಕೆಳಗಿದ್ದುದರಿಂದ ಆಗ ಯಾರೂ ಬಣ್ಣವನ್ನು ಲೆಕ್ಕಿಸಲಿಲ್ಲ. ಇಂದು ಸಂಗ್ರಾಹಕರು ಎರಡೂ ಕೆನೆಬಣ್ಣದ ಹಳೆಯ ಪಿಕಪ್‌ಗಳಿಗೆ ಹೆಚ್ಚಿನ ಬೆಲೆ ಕೊಡುತ್ತಾರೆ, ಅವುಗಳ ನಾದ ಕಪ್ಪು ಸುರುಳಿಗಳಿಗಿಂತ ಯಾವ ರೀತಿಯಲ್ಲೂ ಭಿನ್ನವಲ್ಲದಿದ್ದರೂ!

ತೆಗೆಯುವಾಗಿನ ಅಪಾಯ

ಮುಚ್ಚಳವನ್ನು ಅದರ ಉದ್ದನೆಯ ಬದಿಗಳಲ್ಲಿ, ಸಾಮಾನ್ಯವಾಗಿ ಎರಡು ಕಡೆ, ತಳದ ಫಲಕಕ್ಕೆ ಬೆಸೆದಿರುತ್ತಾರೆ. ಈ ಬೆಸುಗೆ ಬಿಡಿಸಲು ಹೆಚ್ಚು ಶಾಖ ಬೇಕು. ಒಳಗಿನ ತಾಮ್ರದ ಎಳೆಯ ದಪ್ಪ ಸುಮಾರು 0.06 ಮಿ.ಮೀ., ತಲೆಗೂದಲಿನಷ್ಟು. ಚಾಕುವಿನ ತುದಿ ಜಾರಿ ಒಂದು ಎಳೆ ತುಂಡಾದರೂ ಪಿಕಪ್ ಮೂಕವಾಗುತ್ತದೆ. ಪುನಃ ಸುತ್ತಿಸದೆ ಬೇರೆ ದಾರಿಯಿಲ್ಲ. ಮೇಣ ಹಾಕಿದ ಪಿಕಪ್‌ನಲ್ಲಿ ಬೆಸುಗೆ ಬಿಟ್ಟರೂ ಮುಚ್ಚಳ ಅಂಟಿಕೊಂಡಿರುತ್ತದೆ. ಆಗ ಬಲವಂತವಾಗಿ ಎಳೆಯದೆ, ಬೆಚ್ಚಗೆ ಮಾಡಿ ಮೆಲ್ಲನೆ ಬಿಡಿಸಬೇಕು.

ಹಳೆಯ ಪಿ.ಎ.ಎಫ್. ಪಿಕಪ್‌ಗಳಲ್ಲಿ ಕಾರ್ಖಾನೆಯ ಮೂಲ ಬೆಸುಗೆಯೇ ಅದರ ಅಸಲಿತನಕ್ಕೆ ಸಾಕ್ಷಿ. ಒಳಗಿನ ಸುರುಳಿಯ ಬಣ್ಣ ನೋಡುವ ಕುತೂಹಲಕ್ಕೆ ಅದನ್ನು ಒಡೆದರೆ ಆ ಸಾಕ್ಷಿ ಮರಳಿ ಬರುವುದಿಲ್ಲ. ಮುಚ್ಚಳವನ್ನು ಮತ್ತೆ ಬೆಸೆದರೂ ಅನುಭವಿಗಳಿಗೆ ಅದು ಗೊತ್ತಾಗುತ್ತದೆ, ಬೆಲೆಯೂ ಇಳಿಯುತ್ತದೆ.

ತೆರೆದ ಸುರುಳಿಗಳಿಗೆ ಬೆವರು, ಧೂಳು ನೇರವಾಗಿ ತಾಗುತ್ತವೆ. ಕಬ್ಬಿಣದ ತಿರುಪುಗಳಿಗೆ ತುಕ್ಕು ಹಿಡಿಯಬಹುದು. ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಬೇಗ ಆಗುವ ಸಂಭವವಿದೆ. ಸುರುಳಿಯ ಸುತ್ತಲಿನ ಟೇಪು ಸಡಿಲವಾಗಿದ್ದರೆ ಬದಲಿಸಬೇಕು.

ಇತರ ಪಿಕಪ್‌ಗಳು

ಫೆಂಡರ್ ಸ್ಟ್ರಾಟೋಕಾಸ್ಟರ್ ಗಿಟಾರಿನ ಪಿಕಪ್‌ಗಳಿಗೆ ಪ್ಲಾಸ್ಟಿಕ್ ಮುಚ್ಚಳವಿದೆ. ಅದು ಸುರುಳಿಯನ್ನು ಕಾಪಾಡುತ್ತದೆಯೇ ಹೊರತು ನಾದವನ್ನಾಗಲಿ ಗದ್ದಲವನ್ನಾಗಲಿ ಬದಲಿಸುವುದಿಲ್ಲ. ಗಿಬ್ಸನ್‌ನ ಪಿ-90 ಪಿಕಪ್‌ಗಳ ಪ್ಲಾಸ್ಟಿಕ್ ಮುಚ್ಚಳವೂ ಹೀಗೆಯೇ. ಡ್ಯಾನೆಲೆಕ್ಟ್ರೋ ಗಿಟಾರುಗಳಲ್ಲಿ ಲಿಪ್‌ಸ್ಟಿಕ್ ತುಂಬುವ ಲೋಹದ ಕೊಳವೆಗಳನ್ನೇ ಮುಚ್ಚಳವಾಗಿ ಬಳಸಿದ್ದರು. ಇಂದಿಗೂ ಅವುಗಳಿಗೆ ‘ಲಿಪ್‌ಸ್ಟಿಕ್ ಪಿಕಪ್’ ಎಂಬ ಹೆಸರಿದೆ. ಫೆಂಡರ್ ಟೆಲಿಕಾಸ್ಟರ್‌ನಲ್ಲಿ ಕತ್ತಿನ ಬಳಿಯ ಪಿಕಪ್‌ಗೆ ಮಾತ್ರ ಲೋಹದ ಮುಚ್ಚಳವಿದ್ದು, ಅದು ಸುರುಳಿಯ ಒಂದು ತುದಿಗೆ ಸೇರಿಕೊಂಡಿರುತ್ತದೆ. ಎರಡು ಪಿಕಪ್‌ಗಳನ್ನು ಸರಣಿಯಲ್ಲಿ ಜೋಡಿಸಬಯಸುವವರು ಮೊದಲು ಆ ಸಂಪರ್ಕವನ್ನು ಕತ್ತರಿಸಿ ಮುಚ್ಚಳಕ್ಕೆ ಪ್ರತ್ಯೇಕ ಗ್ರೌಂಡ್ ತಂತಿಯನ್ನು ಬೆಸೆಯಬೇಕು. ಇಲ್ಲವಾದರೆ ಮುಚ್ಚಳವೇ ಗದ್ದಲ ಹಿಡಿಯುವ ಆಂಟೆನಾ ಆಗುತ್ತದೆ.