ಮೊದಲು ಬಾಯಿ, ಆಮೇಲೆ ಕೈ, ಈಗ ರೋಬೋಟ್

1/8
ಬೆಳಿಗ್ಗೆ ಬ್ಲಡ್ ಟೆಸ್ಟ್‌ಗೆ ಕೊಟ್ಟು ಬರ್ತೀರಿ, ಸಂಜೆ ಮೊಬೈಲ್‌ಗೆ ರಿಪೋರ್ಟ್ ಬರುತ್ತೆ. ಈ ಎರಡರ ಮಧ್ಯೆ ನಾವು ನೋಡದೇ ಇರೋ ಒಂದು ಕೆಲಸ ಇದೆ: ಸ್ಯಾಂಪಲ್ ತಯಾರಿ. ಟ್ಯೂಬ್ ಮುಚ್ಚಳ ತೆಗೆಯೋದು, ಅಳೆಯೋದು, ಇನ್ನೊಂದು ಟ್ಯೂಬ್‌ಗೆ ಹಾಕೋದು, ಕೆಮಿಕಲ್ ಬೆರೆಸೋದು. ರಿಸಲ್ಟ್ ಕೊಡೋದು ಮೆಷಿನ್ ಇರಬಹುದು. ಆದರೆ ಮುಚ್ಚಳ ತೆಗೆಯೋ ಕೈಗೇ ಅಪಾಯ ಜಾಸ್ತಿ.

ಈ ಸರಣಿ ಆ ಕೈಗಳ ಇತಿಹಾಸ. ನಾನು ಬಿಕಾಂ ಓದೋನು, ಅದಕ್ಕೇ ನನ್ನ ಪ್ರಶ್ನೆ ಕೂಡ ಅಕೌಂಟ್ಸ್ ಪ್ರಶ್ನೆನೇ: ಈ ಅಪಾಯದ ಖರ್ಚು ಯಾರ ಲೆಕ್ಕಕ್ಕೆ ಹೋಯ್ತು?

2/8
ಮೊದಲು ಬಾಯಿ.
ನೀವು ಪಿಯುಸಿ ಸೈನ್ಸ್ ಓದಿದ್ದರೆ ಪಿಪೆಟ್ ಗೊತ್ತಿರುತ್ತೆ, ದ್ರವ ಅಳೆಯೋ ಸಣ್ಣ ಗಾಜಿನ ಕೊಳವೆ. ದಶಕಗಳ ಕಾಲ ಲ್ಯಾಬ್‌ನವರು ಅದನ್ನ ಬಾಯಲ್ಲಿಟ್ಟು, ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗೆ ಎಳೀತಿದ್ರು. ಒಳಗಿದ್ದದ್ದು ಎಳನೀರಲ್ಲ. ರಕ್ತ, ಮೂತ್ರ, ಆಸಿಡ್, ರೋಗಾಣು. 1893ರಲ್ಲಿ ಒಬ್ಬ ವೈದ್ಯರು ಹೀಗೆ ಎಳೆಯುವಾಗ ಟೈಫಾಯ್ಡ್ ರೋಗಾಣು ನೇರ ಬಾಯಿಗೆ ಹೋಯ್ತು. ಅಪಾಯ ಅಂತ ಗೊತ್ತಾದ ಮೇಲೂ ಅಭ್ಯಾಸ ನಿಲ್ಲಲಿಲ್ಲ. ಬಾಯಿ ಪುಕ್ಕಟೆ, ಬೇರೆ ಉಪಕರಣಕ್ಕೆ ದುಡ್ಡು ಬೇಕು.

1957ರಲ್ಲಿ ಜರ್ಮನಿಯ ಮಾರ್‌ಬುರ್ಗ್‌ನಲ್ಲಿ ಹೈನ್ರಿಕ್ ಶ್ನಿಟ್ಗರ್ ಅನ್ನೋ ಯುವ ಸಂಶೋಧಕರು ಈ ಎಳೆಯೋ ಕೆಲಸದಿಂದ ಬೇಸತ್ತು, ಸ್ಪ್ರಿಂಗ್ ಮತ್ತು ಪಿಸ್ಟನ್ ಇರೋ ಪಿಪೆಟ್ ಮಾಡಿದ್ರು. ಹೆಬ್ಬೆರಳಲ್ಲಿ ಒತ್ತಿ ಬಿಟ್ಟರೆ ಸಾಕು, ಬಾಯಿ ಬೇಡ. ಎಪ್ಪೆಂಡಾರ್ಫ್ ಕಂಪನಿ ಅದನ್ನ ಮಾರುಕಟ್ಟೆಗೆ ತಂತು. ಇವತ್ತು ಲ್ಯಾಬ್‌ಗಳಲ್ಲಿ ಕಾಣೋ ಪಿಪೆಟ್ ಅದೇ ವಂಶದ್ದು.

3/8
ಬಾಯಿಯ ಕಥೆ ಅಲ್ಲಿಗೆ ಬಿಡೋಣ. ಕೈಯ ಕಥೆಗೆ ಸ್ವಲ್ಪ ಹಿಂದೆ ಹೋಗಬೇಕು, ಪ್ಯಾರಿಸ್‌ಗೆ.
ಮೇರಿ ಕ್ಯೂರಿ ಅಂದ್ರೆ ನಮಗೆ ಎರಡು ನೊಬೆಲ್ ನೆನಪಾಗುತ್ತೆ. ಅವರು ದಿನವಿಡೀ ಮಾಡ್ತಿದ್ದದ್ದು ಏನು ಗೊತ್ತಾ? ಸ್ಯಾಂಪಲ್ ತಯಾರಿ! ಒಂದು ಹಳೇ ಶೆಡ್‌ನಲ್ಲಿ ಟನ್‌ಗಟ್ಟಲೆ ಅದಿರಿನ ತ್ಯಾಜ್ಯ ತರಿಸಿಕೊಂಡು, ಕುದಿಸಿ, ಕಬ್ಬಿಣದ ಸಲಾಕೆಯಲ್ಲಿ ಕಲಕಿ, ಸೋಸಿ, ಮತ್ತೆ ಕುದಿಸೋದು. ಇಷ್ಟೆಲ್ಲಾ ಮಾಡಿ 1902ರಲ್ಲಿ ಸಿಕ್ಕಿದ್ದು ಸುಮಾರು 0.1 ಗ್ರಾಂ ರೇಡಿಯಂ ಕ್ಲೋರೈಡ್.
1934ರಲ್ಲಿ ರಕ್ತದ ಕಾಯಿಲೆಯಿಂದ ತೀರಿಕೊಂಡ್ರು. ಅವರ ನೋಟ್‌ಬುಕ್‌ಗಳಲ್ಲಿ ಇನ್ನೂ ವಿಕಿರಣ ಇದೆ, ಸೀಸದ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ನೋಡಿ, ನಾವು ಮೆಷಿನ್‌ಗೆ ವರ್ಷಾ ವರ್ಷಾ ಡಿಪ್ರಿಸಿಯೇಷನ್ ಬರೀತೀವಿ. ಆ ಬೆರಳುಗಳ ಸವಕಳಿಯನ್ನ ಯಾವ ಪುಸ್ತಕದಲ್ಲೂ ಬರೆಯಲಿಲ್ಲ.

4/8
1945, ಅಮೆರಿಕದ ಲಾಸ್ ಅಲಮೋಸ್. ಅಣುಬಾಂಬ್ ಲ್ಯಾಬ್.
ಪ್ಲುಟೋನಿಯಂ ಗೋಳದ ಸುತ್ತ ಭಾರದ ಇಟ್ಟಿಗೆ ಜೋಡಿಸುತ್ತಿದ್ದ ಹ್ಯಾರಿ ಡಾಗ್ಲಿಯನ್ ಕೈಯಿಂದ ಆಗಸ್ಟ್ 21ರಂದು ಒಂದು ಇಟ್ಟಿಗೆ ಜಾರಿತು. 25 ದಿನಕ್ಕೆ ಸಾವು. ವಯಸ್ಸು 24, ನಮಗಿಂತ ನಾಲ್ಕೇ ವರ್ಷ ದೊಡ್ಡವರು.
ಅಲ್ಲಿಗೆ ಪಾಠ ಕಲಿತರು ಅಂದ್ಕೊಂಡ್ರಾ? ಇಲ್ಲ. 1946ರ ಮೇ 21ರಂದು ಅದೇ ಗೋಳ, ಈ ಸಲ ಲೂಯಿಸ್ ಸ್ಲೋಟಿನ್. ಎರಡು ಲೋಹದ ಬಟ್ಟಲುಗಳು ಒಂದಕ್ಕೊಂದು ಪೂರ್ತಿ ಮುಚ್ಚಿಕೊಳ್ಳದ ಹಾಗೆ ಅವರು ಅಡ್ಡ ಹಿಡಿದಿದ್ದು ಒಂದು ಸ್ಕ್ರೂಡ್ರೈವರ್. ಅದು ಜಾರಿತು. ಮೇಲಿನ ಬಟ್ಟಲನ್ನ ಕೂಡಲೇ ಕೈಯಿಂದಲೇ ಎತ್ತಿ ತೆಗೆದರು. ಒಂಬತ್ತು ದಿನಕ್ಕೆ ತೀರಿಕೊಂಡ್ರು. ರೂಮಿನಲ್ಲಿ ಇನ್ನೂ ಏಳು ಜನ ಇದ್ರು.
ಸ್ಲೋಟಿನ್ ಪಳಗಿದ ಕೈ. ಅಂದ್ರೆ ಇಲ್ಲಿ ಕೊರತೆ ಇದ್ದದ್ದು ಜಾಣ್ಮೆಗಲ್ಲ, ದೂರಕ್ಕೆ. ಆಮೇಲೆ ಇಂಥ ಪ್ರಯೋಗವನ್ನ ಕೈಯಲ್ಲಿ ಮಾಡೋದೇ ನಿಂತಿತು. ದೂರದ ಕಟ್ಟಡದಲ್ಲಿ ಕೂತು ರಿಮೋಟ್‌ನಿಂದ ನಡೆಸತೊಡಗಿದರು.

5/8
ದೂರ ನಿಂತರೆ ಜೀವ ಉಳಿಯುತ್ತೆ ಸರಿ. ಆದ್ರೆ ದೂರದಿಂದ ಟ್ಯೂಬ್ ಎತ್ತೋದು ಹೇಗೆ?
ಷಿಕಾಗೊ ಹತ್ತಿರದ ಆರ್ಗಾನ್ ಲ್ಯಾಬ್‌ನಲ್ಲಿ ರೇಮಂಡ್ ಗೋಯರ್ಟ್ಸ್ ಅನ್ನೋ ಎಂಜಿನಿಯರ್ ಇದೇ ಪ್ರಶ್ನೆ ಹಿಡಿದು ಕೂತ್ರು. 1940ರ ದಶಕದ ಕೊನೆಗೆ ಒಂದು ಯಾಂತ್ರಿಕ ತೋಳು ರೆಡಿ ಆಯ್ತು. ದಪ್ಪ ಗೋಡೆ, ದಪ್ಪ ಗಾಜಿನ ಕಿಟಕಿ. ಈಚೆ ನೀವು ಹಿಡಿ ತಿರುಗಿಸಿದರೆ ಆಚೆ ಇರೋ ಲೋಹದ ಕೈ ಹಾಗೇ ತಿರುಗುತ್ತೆ. ನಮ್ಮ ತೊಗಲುಗೊಂಬೆ ಆಟದ ಹಾಗೆ: ಆಡಿಸೋರು ಪರದೆ ಹಿಂದೆ, ಆಟ ಮುಂದೆ. 1954ರ ವಿದ್ಯುತ್ ಮಾದರಿಯಲ್ಲಂತೂ ಆ ಕೈ ಹಿಡಿದ ವಸ್ತುವಿನ ಒತ್ತಡ ಈಚೆ ಇರೋರ ಕೈಗೂ ಗೊತ್ತಾಗ್ತಿತ್ತು.
ಇದಕ್ಕೆ ದುಡ್ಡು ಯಾಕೆ ಸಿಕ್ತು? ಅಷ್ಟು ವಿಕಿರಣ ಇರೋ ವಸ್ತುವಿನ ಹತ್ತಿರ ಮನುಷ್ಯರನ್ನ ನಿಲ್ಲಿಸೋಕೆ ಆಗ್ತಾನೇ ಇರ್ಲಿಲ್ಲ. ಕೈ ಇಲ್ಲಿ ಪುಕ್ಕಟೆ ಆಗಿರಲಿಲ್ಲ.

6/8
ಗೋಯರ್ಟ್ಸ್ ತೋಳನ್ನ ಪ್ರತಿ ಸಲ ಮನುಷ್ಯರೇ ಆಡಿಸಬೇಕಿತ್ತು. ತಾನಾಗೇ ಕೆಲಸ ಮಾಡೋ ಲ್ಯಾಬ್ ರೋಬೋಟ್ ಬಂದದ್ದು 1980ರ ದಶಕದಲ್ಲಿ. ಅಮೆರಿಕದ ಝೈಮಾರ್ಕ್ ಕಂಪನಿ 1982ರಲ್ಲಿ 'ಝೈಮೇಟ್' ತಂತು. ಮಧ್ಯದಲ್ಲಿ ಒಂದು ತೋಳು, ಸುತ್ತ ತೂಕದ ಯಂತ್ರ, ಮಿಕ್ಸರ್, ಟ್ಯೂಬ್ ಸ್ಟ್ಯಾಂಡ್. ಕೆಲಸಕ್ಕೆ ತಕ್ಕ ಹಾಗೆ ತೋಳು ತನ್ನ 'ಕೈ'ಯನ್ನೇ ಬದಲಾಯಿಸಿಕೊಳ್ತಿತ್ತು. ಒಂದು ಸಲ ಪ್ರೋಗ್ರಾಂ ಹಾಕಿದರೆ ಅದೇ ಕೆಲಸ ರಾತ್ರಿಯಿಡೀ.
ಜಪಾನಿನ ಕೋಚಿ ವೈದ್ಯಕೀಯ ಕಾಲೇಜಿನಲ್ಲಿ ಡಾ. ಮಸಾಹಿದೆ ಸಸಾಕಿ ಅವರಿಗೆ ಸಿಬ್ಬಂದಿ ಕಡಿಮೆ, ಸ್ಯಾಂಪಲ್ ಜಾಸ್ತಿ. ಅವರು ರಕ್ತದ ಟ್ಯೂಬ್‌ಗಳನ್ನ ಕನ್ವೇಯರ್ ಬೆಲ್ಟ್ ಮೇಲೆ ಕಳಿಸಿ, ರೋಬೋಟ್‌ಗಳ ಕೈಗೆ ಕೊಟ್ಟರು. ಇಡೀ ಆಸ್ಪತ್ರೆ ಲ್ಯಾಬ್ ಆಟೊಮೇಷನ್‌ನ ಕಥೆ ಶುರುವಾಗೋದು ಇಲ್ಲಿಂದ. ಗಮನಿಸಿ, ಇಲ್ಲೂ ಬಾಗಿಲು ತೆರೆದದ್ದು ಖರ್ಚಿನ ಲೆಕ್ಕ. ಸುರಕ್ಷತೆ ಅದರ ಹಿಂದೆಯೇ ಒಳಗೆ ಬಂತು.

7/8
ಇದೆಲ್ಲ ಹೊರದೇಶದ ಕಥೆ ಅನ್ನಬೇಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ನಮ್ಮ ಮಂಗನ ಕಾಯಿಲೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ವೈರಸ್ ಪತ್ತೆ ಹಚ್ಚಿದ್ರು. ಆದ್ರೆ ಅದರ ಸ್ಯಾಂಪಲ್ ಮುಟ್ಟಿದ ಲ್ಯಾಬ್ ಸಿಬ್ಬಂದಿಯಲ್ಲೂ ಎಷ್ಟೋ ಜನಕ್ಕೆ ಕಾಯಿಲೆ ತಗುಲಿತು. ಕಾಡಿಗೆ ಕಾಲಿಡದೇ ಕಾಡಿನ ಕಾಯಿಲೆ!
2020ರ ಮೇ ತಿಂಗಳಲ್ಲಿ, ಕೋವಿಡ್ ನಡುವೆ, ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರಕ್ಕೆ 'ಕೋಬಾಸ್ 6800' ಬಂತು. 24 ಗಂಟೆಗೆ ಸುಮಾರು 1200 ಸ್ಯಾಂಪಲ್. ಒಳಗಿನ ಕೆಲಸ ರೋಬೋಟಿಕ್ಸ್‌ದು, ಹಾಗಾಗಿ ಸಿಬ್ಬಂದಿಗೆ ಸೋಂಕಿನ ಭಯ ಕಡಿಮೆ ಅಂತ ಸರ್ಕಾರವೇ ಹೇಳಿತು. ಅದೇ ಹೊತ್ತಲ್ಲಿ ಎಷ್ಟೋ ಲ್ಯಾಬ್‌ಗಳಲ್ಲಿ ಪಿಪಿಇ ಕಿಟ್ ಒಳಗೆ ಬೆವರುತ್ತಾ ಒಂದೊಂದೇ ಟ್ಯೂಬ್ ತೆರೆದದ್ದು ಮನುಷ್ಯರ ಕೈ.

8/8
ಈಗ ಲೆಕ್ಕ ಟ್ಯಾಲಿ ಮಾಡೋಣ.
ಪ್ಲುಟೋನಿಯಂ ಮುಂದೆ ಕೈಯ ಬೆಲೆ ಕಣ್ಣಿಗೆ ಕಂಡಿತು, ಯಾಂತ್ರಿಕ ತೋಳು ಬೇಗ ಬಂತು. ಟೈಫಾಯ್ಡ್ ಮುಂದೆ ಆ ಬೆಲೆ ಕಾಣಲಿಲ್ಲ, ಬಾಯಿ ಬಿಡಿಸೋಕೇ 60 ವರ್ಷಕ್ಕಿಂತ ಹೆಚ್ಚು ಬೇಕಾಯ್ತು. ಎಲ್ಲಿ ಸಂಬಳ ಕಡಿಮೆಯೋ, ಎಲ್ಲಿ ಕಾಯಿಲೆ ಬಂದರೆ ಅದು ಅವರವರ ಮನೆ ಖರ್ಚೋ, ಅಲ್ಲಿ ರೋಬೋಟ್ ಯಾವಾಗಲೂ 'ದುಬಾರಿ'. ನಿಜವಾಗಿ ದುಬಾರಿ ಅಲ್ಲ, ಎದುರಿನ ಕಾಲಂ ಖಾಲಿ ಬಿಟ್ಟಿರೋದು ಅಷ್ಟೇ.
ರೋಬೋಟ್ ಬಂದ್ರೆ ಕೆಲಸ ಹೋಗುತ್ತೆ ಅನ್ನೋ ಭಯ ಸುಳ್ಳಲ್ಲ. ಮತ್ತೆ ರೋಬೋಟ್ ಬಂದರೂ ಅದಕ್ಕೆ ಟ್ಯೂಬ್ ತುಂಬೋಕೆ, ಕೆಟ್ಟಾಗ ಮುಚ್ಚಳ ಬಿಚ್ಚಿ ತೊಳೆಯೋಕೆ ಮನುಷ್ಯರು ಬೇಕೇ ಬೇಕು. ಅದಕ್ಕೇ ಎರಡು ಪ್ರಶ್ನೆ ಒಟ್ಟಿಗೆ ಕೇಳಿ: ಯಾವ ಕೆಲಸ ಕೈಯಿಂದ ಹೋಗಬೇಕು? ಆ ಕೈಗೆ ಬದಲಿಗೆ ಯಾವ ಕೆಲಸ ಸಿಗಬೇಕು?
ನಮ್ಮಲ್ಲೇ ಕೆಲವರು ನಾಳೆ ಆಸ್ಪತ್ರೆಯ ಬಜೆಟ್ ಬರೀತೀವಿ. ಆ ಕಾಲಂ ಖಾಲಿ ಬಿಡಬೇಡಿ.
ಡಿಎಂಎಲ್‌ಟಿ ಓದ್ತಿರೋ ಫ್ರೆಂಡ್ ಇದ್ರೆ ಟ್ಯಾಗ್ ಮಾಡಿ. ಅವರ ಲ್ಯಾಬ್‌ನಲ್ಲಿ ಮುಚ್ಚಳ ಯಾರು ತೆಗೀತಾರೆ ಅಂತ ಕಾಮೆಂಟ್‌ನಲ್ಲಿ ಹೇಳ್ಲಿ.

#ಇತಿಹಾಸ_ಸರಣಿ #ಲ್ಯಾಬ್_ಕಥೆ #ಕನ್ನಡದಲ್ಲಿ_ಓದಿ