ಆವೃತ್ತಿಯ ಬಿಲ್ಲೆ: ಒಂದು ಕಿರುಸಾಕ್ಷ್ಯದ ಚರಿತ್ರೆ

ಕಚೇರಿಯ ಜವಾನನ ಎದೆಯ ಮೇಲಿದ್ದ ಹಿತ್ತಾಳೆಯ ಬಿಲ್ಲೆಯನ್ನು ಹಿರಿಯ ವಾಚಕರು ಬಲ್ಲರು. ಅದು ಧರಿಸಿದವನ ಕಚೇರಿಯನ್ನು ಹೇಳುತ್ತಿತ್ತು; ಶೀಲವನ್ನು ಹೇಳುತ್ತಿರಲಿಲ್ಲ. ಮುಕ್ತ ತಂತ್ರಾಂಶಗಳ ಪರಿಚಯಪುಟದ ನೆತ್ತಿಯಲ್ಲಿ ಇಂದು ಕಾಣುವ ಆವೃತ್ತಿಯ ಬಿಲ್ಲೆಯೂ ಇದೇ ಜಾತಿಯದು.

ಮೂಲ ಬರಹವನ್ನು ಯಾರಾದರೂ ಓದಿ, ತಿದ್ದಿ, ಹಂಚಬಹುದಾದುದೇ ಮುಕ್ತ ತಂತ್ರಾಂಶ. ಅದರ ಕಟ್ಟುಗಳನ್ನು, ಅರ್ಥಾತ್ ಪ್ಯಾಕೇಜುಗಳನ್ನು, ಕೂಡಿಡುವ ಭಂಡಾರಗಳು ಒಂದೊಂದು ಭಾಷೆಗೂ ಹುಟ್ಟಿಕೊಂಡವು: ಪರ್ಲ್ ಭಾಷೆಗೆ 1995ರಲ್ಲಿ ಸಿಪ್ಯಾನ್, ಪೈಥಾನಿಗೆ 2003ರಲ್ಲಿ ಪೈಪಿಐ, ಜಾವಾಸ್ಕ್ರಿಪ್ಟಿಗೆ 2010ರಲ್ಲಿ ಎನ್‌ಪಿಎಂ. ಕರ್ತೃವು ಹೊಸ ಆವೃತ್ತಿಯನ್ನು ಭಂಡಾರಕ್ಕೆ ಸಲ್ಲಿಸಿ, ಪರಿಚಯಪುಟದಲ್ಲಿ ಹಳೆಯ ಸಂಖ್ಯೆಯನ್ನು ತಿದ್ದಲು ಮರೆತನೆನ್ನೋಣ. ಆಗ ಲೆಡ್ಜರಿನಲ್ಲಿ ಒಂದು ಶಿಲ್ಕು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಎಂಬ ಸ್ಥಿತಿ!

ಬಿಲ್ಲೆಯು ಈ ತೊಡಕನ್ನು ಸರಳವಾಗಿ ಬಿಡಿಸಿತು. ಅದೊಂದು ಪುಟ್ಟ ಚಿತ್ರ. ಚಿತ್ರದ ವಿಳಾಸದಲ್ಲಿಯೇ ಭಂಡಾರದ ಹಾಗೂ ಪ್ಯಾಕೇಜಿನ ಹೆಸರುಗಳಿರುತ್ತವೆ. ಚಿತ್ರವನ್ನು ಒದಗಿಸುವ ಸರ್ವರ್ ಭಂಡಾರವನ್ನು ವಿಚಾರಿಸಿ, ದೊರೆತ ಸಂಖ್ಯೆಯನ್ನು ಬರೆದು ಕಳುಹಿಸುತ್ತದೆ. ಒಮ್ಮೆ ತಂದ ಪ್ರತಿಯನ್ನು ಕೆಲ ಹೊತ್ತು ಕಾದಿರಿಸುವುದರಿಂದ ಹಳೆಯ ಸಂಖ್ಯೆ ತುಸು ತಡೆದು ನಿಲ್ಲುವುದುಂಟು. ಆದರೂ ಸಾಕ್ಷಿ ನುಡಿಯುವ ಅಧಿಕಾರವು ಕರ್ತೃವಿನ ಕೈಯಿಂದ ಭಂಡಾರದ ಕೈಗೆ ಬಂದಿತು. ಈ ಚರಿತ್ರೆಯ ಮುಖ್ಯ ಘಟನೆ ಇದೇ.

2011ರಲ್ಲಿ ಆರಂಭವಾದ ಟ್ರಾವಿಸ್ ಸಿಐ ಸೇವೆಯು ಪರೀಕ್ಷೆಯ ಫಲವನ್ನು ಇಂಥ ಚಿತ್ರದಿಂದ ತೋರಿಸಿ ರೂಢಿಯನ್ನು ಹಬ್ಬಿಸಿತು. ಸೇವೆಗೊಂದು ಆಕಾರ, ಮಸುಕು ಅಕ್ಷರ ಎಂಬ ಅವ್ಯವಸ್ಥೆಯನ್ನು ಕಂಡು ಒಲಿವಿಯೇ ಲಕಾನ್ ಏಕರೂಪದ ಮಾದರಿಯನ್ನು ಸೂಚಿಸಿದರು. 2013ರಲ್ಲಿ ಮೊದಲಾದ ಆ ಕಾರ್ಯವೇ ಶೀಲ್ಡ್ಸ್ ಎಂಬ ಸೇವೆಯಾಗಿ ಬೆಳೆಯಿತು. ಅದರಲ್ಲಿ ಬಣ್ಣಕ್ಕೂ ಅರ್ಥವುಂಟು. ಸಂಖ್ಯೆಯು ಸೊನ್ನೆಯಿಂದ ಮೊದಲಾದರೆ ಕಿತ್ತಳೆ, ಒಂದನ್ನು ಮುಟ್ಟಿದ ಸ್ಥಿರ ಆವೃತ್ತಿಗೆ ನೀಲಿ. ಟಾಮ್ ಪ್ರೆಸ್ಟನ್-ವರ್ನರ್ ರೂಪಿಸಿದ ಸೆಮ್ಯಾಂಟಿಕ್ ವರ್ಷನಿಂಗ್ ನಿಯಮದಲ್ಲಿಯೂ ಸೊನ್ನೆಯ ಆವೃತ್ತಿಯೆಂದರೆ ಇನ್ನೂ ಏನು ಬೇಕಾದರೂ ಬದಲಾಗಬಹುದಾದುದು.

ಇಷ್ಟಾದರೂ ಬಿಲ್ಲೆಯ ಮಾತಿಗೆ ಮಿತಿಯುಂಟು. 2024ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಎಕ್ಸ್‌ಜೆಡ್ ಎಂಬ ತಂತ್ರಾಂಶದ 5.6.0, 5.6.1 ಆವೃತ್ತಿಗಳು ಹೊರಬಿದ್ದವು. ವರ್ಷಗಳ ಕಾಲ ದುಡಿದು ವಿಶ್ವಾಸ ಗಳಿಸಿದ್ದ ನಿರ್ವಾಹಕನೊಬ್ಬನೇ ಅವುಗಳಲ್ಲಿ ಕಳ್ಳಬಾಗಿಲನ್ನು ಇರಿಸಿದ್ದನು. ಲಾಗಿನ್ ಆಗುವುದು ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದ್ದುದನ್ನು ಗಮನಿಸಿದ ಆಂಡ್ರೆಸ್ ಫ್ರಾಯಿಂಡ್ ಶೋಧಿಸಿ, ಮಾರ್ಚ್ 29ರಂದು ಅದನ್ನು ಬಹಿರಂಗಪಡಿಸಿದರು. ಆ ಸಂಖ್ಯೆಯನ್ನು ಬಿಲ್ಲೆ ತೋರಿಸಿದ್ದರೆ ಅದರಲ್ಲಿ ಸುಳ್ಳಿರುತ್ತಿರಲಿಲ್ಲ. ಆವೃತ್ತಿಯು ಹೊಸದೇ, ಹೊರಟದ್ದೂ ಅಧಿಕೃತವಾಗಿಯೇ. ಕೇಡು ಇದ್ದುದು ಸಂಖ್ಯೆಯ ಹಿಂದೆ.

ಬ್ಯಾಂಕಿನಲ್ಲಿ ಚೆಕ್ಕಿನ ಸಹಿ ತಾಳೆಯಾದ ಮಾತ್ರಕ್ಕೆ ಖಾತೆಯಲ್ಲಿ ಹಣವಿದೆಯೆಂದು ಯಾರೂ ಭಾವಿಸುವುದಿಲ್ಲ. ಬಿಲ್ಲೆಯು ಸಾರುವುದು ನವೀನತೆಯನ್ನು, ಸಾಚಾತನವನ್ನಲ್ಲ. ಆ ಎರಡನೆಯದಕ್ಕೆ ಇಂದಿಗೂ ಓದುವ ಕಣ್ಣೂ ಶಂಕಿಸುವ ಮನಸ್ಸೂ ಬೇಕು.