ಹರಿಗೋಲು: ಭದ್ರಾ–ತುಂಗಭದ್ರಾ ಕಣಿವೆಯಲ್ಲಿ ತಯಾರಿಕೆ ಮತ್ತು ಸಾಗಾಟ

ಹರಿಗೋಲು ಎಂದರೆ ಬಿದಿರಿನ ದಬ್ಬೆಗಳಿಂದ ಹೆಣೆದು, ಹೊರಮೈಗೆ ಚರ್ಮವನ್ನೋ ಈಚೆಗೆ ಪ್ಲಾಸ್ಟಿಕ್ ಹಾಳೆಯನ್ನೋ ಹೊದಿಸಿದ ದುಂಡನೆಯ ದೋಣಿ. ಹಲವೆಡೆ ಇದಕ್ಕೆ ತೆಪ್ಪ ಎಂದೇ ಹೆಸರು. ಭದ್ರಾ ಕಣಿವೆಯ ಆಸುಪಾಸಿನ ಕಡೂರು, ತರೀಕೆರೆ, ಅಜ್ಜಂಪುರ ಅಕ್ಕಪಕ್ಕದ ತಾಲ್ಲೂಕುಗಳಾದರೂ ಹರಿಗೋಲಿನ ಚರಿತ್ರೆಯಲ್ಲಿ ಅವುಗಳ ಪಾಲು ಸಮನಾಗಿಲ್ಲ. ಗಂಗಾಮೂಲದಲ್ಲಿ ಹುಟ್ಟುವ ಭದ್ರೆ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯನ್ನು ದಾಟಿ, ಭದ್ರಾವತಿಯ ಮೂಲಕ ಹರಿದು ಕೂಡಲಿಯಲ್ಲಿ ತುಂಗೆಯನ್ನು ಸೇರುತ್ತದೆ. ಕಡೂರಿನ ವೇದಾವತಿಯಾದರೋ ಬೇಸಿಗೆಯಲ್ಲಿ ಸೊರಗುವ ಹೊಳೆ. ಅಜ್ಜಂಪುರ ಬಹುಪಾಲು ಬಯಲುಸೀಮೆ. ಅಂಬಿಗನಿಗಿಂತ ಗಾಡಿ ಹೊಡೆಯುವವನಿಗೇ ಅಲ್ಲಿ ಕೆಲಸ ಹೆಚ್ಚು.

ಹರಿಗೋಲು ಕಟ್ಟುವುದು ನೆಲದ ಮೇಲೆ. ಬಲಿತ ಬಿದಿರನ್ನು ಸೀಳಿ, ಗಿಣ್ಣು ಕೆತ್ತಿ ನುಣುಪು ಮಾಡಿದ ದಬ್ಬೆಗಳನ್ನು ಅಡ್ಡ ಉದ್ದ ಹಾಸಿ ಮೊದಲು ತಳ ಹೆಣೆಯುತ್ತಾರೆ. ತಳ ಮೇಲೇಳದಂತೆ ಅದರ ಮೇಲೆ ಕಲ್ಲು ಹೇರಿ, ಹೊರಚಾಚಿದ ತುದಿಗಳನ್ನು ಮೇಲಕ್ಕೆ ಬಗ್ಗಿಸಿ ಪಕ್ಕದ ಗೋಡೆ ಎಬ್ಬಿಸುತ್ತಾರೆ. ಬಾಯಿಯ ಸುತ್ತ ದಬ್ಬೆಗಳನ್ನು ಸೇರಿಸಿ ದಪ್ಪನಾದ ಅಂಚು ಕಟ್ಟುತ್ತಾರೆ. ಅಂಚು ಸಡಿಲವಾದರೆ ನಡುಹೊಳೆಯಲ್ಲಿ ದೋಣಿಯ ಆಕಾರವೇ ಕೆಡುತ್ತದೆ. ಆಮೇಲೆ ಬುಟ್ಟಿಯನ್ನು ಬೋರಲು ಹಾಕಿ ಚರ್ಮ ಹೊದಿಸುವ ಕೆಲಸ. ತೊಗಲನ್ನು ತೊಗಲಿನ ಬಾರಿನಿಂದಲೇ ಹೊಲಿಯುವುದು ವಾಡಿಕೆಯಾಗಿತ್ತು, ಏಕೆಂದರೆ ನೂಲಿನ ದಾರ ನೀರಿನಲ್ಲಿ ಬೇಗ ಕೊಳೆಯುತ್ತದೆ. ಚರ್ಮವನ್ನೂ ಆಗಾಗ ದಡಕ್ಕೆಳೆದು ಒಣಗಿಸಬೇಕಿತ್ತು.

ಹೆಣೆಯುವ ಕೈಗಳಿಗೆ ಈ ನಾಡಿನಲ್ಲಿ ಬರವಿರಲಿಲ್ಲ. ಮೇದರಿದ್ದರು, ಸ್ವತಃ ಅಂಬಿಗರೂ ಹೆಣೆಯುತ್ತಿದ್ದರು. ತೊಡಕಿದ್ದದ್ದು ಸಾಮಗ್ರಿ ಒದಗಿಸುವುದರಲ್ಲಿ. ಒಳ್ಳೆಯ ಬಿದಿರು ಮಲೆನಾಡಿನ ಕಾಡಿನದು, ಚರ್ಮ ದನ ಎಮ್ಮೆ ಹೆಚ್ಚಿದ್ದ ಊರುಗಳದು. ಎರಡೂ ಮಳೆಗಾಲಕ್ಕೆ ಮುಂಚೆ ಒಂದೇ ಕಡವಿನಲ್ಲಿ ಕೂಡಬೇಕು. ಹೊಳೆ ತುಂಬಿದ ಮೇಲೆ ಸಿದ್ಧವಾದ ಹರಿಗೋಲು ಅರ್ಧ ಹಂಗಾಮು ಕಳೆದುಕೊಂಡಂತೆ. ಎರಡನ್ನೂ ಹೊತ್ತಿಗೆ ಸರಿಯಾಗಿ ಒಂದೆಡೆ ಸೇರಿಸುವುದು ಸಣ್ಣ ಕೆಲಸವಾಗಿರಲಿಲ್ಲ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಕಡವಿನಲ್ಲಿ ಇಂಥ ದೋಣಿಗಳನ್ನು ಕಂಡಿದ್ದ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಮಂದಿಯನ್ನು ಹೊರುತ್ತವೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತವೆ ಎಂದು ಬರೆದ. ಇವು ನೆಟ್ಟಗೆ ಹೋಗದೆ ಗಿರಗಿರನೆ ತಿರುಗುತ್ತಲೇ ಇರುತ್ತವೆ ಎಂಬುದನ್ನೂ ಅವನು ಬಿಟ್ಟಿಲ್ಲ. ಇಂದು ಹಂಪಿಯಲ್ಲಿ ಹರಿಗೋಲು ಹತ್ತಿದವರು ಅದನ್ನು ಒಪ್ಪದಿರಲಾರರು.

ತಯಾರಿಕೆ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಯುದ್ಧಗಳಿಂದ. 1800ರ ಜೂನಿನಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದಿದ್ದ ಧೋಂಡಿಯ ವಾಘನ ಬೆನ್ನುಹತ್ತಿದ ಬ್ರಿಟಿಷ್ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಹರಿಹರದಲ್ಲಿ ತುಂಬಿದ ತುಂಗಭದ್ರೆಯನ್ನು ದಾಟಬೇಕಾಯಿತು. ಅಲ್ಲಿ ಕಂಡ ವಿಳಂಬವನ್ನು ಅವನು ಮರೆಯಲಿಲ್ಲ. 1803ರ ಮರಾಠಾ ಯುದ್ಧದ ಹೊತ್ತಿಗೆ ಬುಟ್ಟಿದೋಣಿ ಹೇಗಿರಬೇಕೆಂದು ಟಿಪ್ಪಣಿ ಬರೆದು, ಮಲಪ್ರಭೆ, ಘಟಪ್ರಭೆ, ಕೃಷ್ಣೆಯ ಕಡವುಗಳಲ್ಲಿ ಮೊದಲೇ ದೋಣಿ ಅಣಿಗೊಳಿಸಿದ. ಮುಂಬಯಿಯಿಂದ ತರಿಸಿದ ತೇಲುಸೇತುವೆಯ ದೋಣಿಗಳು ಕೆಟ್ಟ ದಾರಿಯಲ್ಲಿ ಕೈಕೊಟ್ಟವು. ಊರಿನ ಬಿದಿರು ಬುಟ್ಟಿಗೆ ಅಂಥ ಸಾಗಾಟದ ಚಿಂತೆಯೇ ಇಲ್ಲ: ಸಣ್ಣದಾದರೆ ಒಬ್ಬನೇ ತಲೆಯ ಮೇಲೆ ಹೊತ್ತು ನಡೆಯಬಲ್ಲ.

ಮುಂದೆ ಸಾಗಾಟದ ಹಾದಿಗಳೇ ಬದಲಾದವು. 1889ರ ವೇಳೆಗೆ ಬೆಂಗಳೂರು–ಹರಿಹರ ರೈಲು ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದುಹೋಗುವಂತಾಯಿತು. 1899ರಲ್ಲಿ ಬೀರೂರು–ಶಿವಮೊಗ್ಗ ಹಾದಿ ತರೀಕೆರೆಗೂ ರೈಲು ತಂದಿತು. ಅನಂತರ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಅಗಲದ ಟ್ರಾಮ್ ಹಳಿಯೂ ಬಂತು, ಈಗ ಅದಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಇದ್ದಿಲಿಗಾಗಿ ಸೌದೆ ಬೇಕಿತ್ತು, 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಗೆ ಬಿದಿರೇ ಬೇಕಿತ್ತು. ಅಂಬಿಗನ ಹತ್ತಾರು ಗಳುಗಳು ಈ ಲೆಕ್ಕದಲ್ಲಿ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

1947ರಲ್ಲಿ ಆರಂಭವಾಗಿ 1960ರ ದಶಕದಲ್ಲಿ ಮುಗಿದ ಲಕ್ಕವಳ್ಳಿಯ ಭದ್ರಾ ಜಲಾಶಯ ಚಿತ್ರವನ್ನೇ ಬದಲಿಸಿತು. 71.5 ಟಿಎಂಸಿ ಸಾಮರ್ಥ್ಯದ, 186 ಅಡಿವರೆಗೆ ತುಂಬುವ ಈ ಹಿನ್ನೀರಿನಲ್ಲಿ ಹೊಳೆಯ ಹಳೆಯ ಹಾದಿ ಮುಳುಗಿತು. ಸೇತುವೆಗಳು ಹೆಚ್ಚಿದಂತೆ ಎಲ್ಲೆಡೆ ಹರಿಗೋಲು ದಾಟಿಸುವ ಸಾಧನವಾಗಿ ಹಿಂದೆ ಸರಿದು, ಒಳನಾಡಿನ ಜಲಾಶಯಗಳಲ್ಲಿ ಬಲೆ ಬಿಡುವವರ ಸಾಧನವಾಗಿ ಉಳಿಯಿತು. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದವು, ಫೈಬರ್ ಅಚ್ಚಿನ ತೆಪ್ಪಗಳೂ ಬಂದವು. ಫೈಬರಿನದಕ್ಕೆ ಬಾಳಿಕೆ ಹೆಚ್ಚು. ಆದರೆ ಬಿರುಕು ಬಿಟ್ಟರೆ ದಡದಲ್ಲೇ ಕೂತು ದಬ್ಬೆ ಸೇರಿಸಿ ಸರಿಮಾಡಿಕೊಳ್ಳುವ ಸ್ವಾತಂತ್ರ್ಯ ಅದರಲ್ಲಿಲ್ಲ.

   

ಭದ್ರಾ ಕಾಡು 1974ರಲ್ಲಿ ವನ್ಯಜೀವಿಧಾಮವಾಗಿ, 1998ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಮೇಲೆ ಅಲ್ಲಿನ ಬಿದಿರು ಹರಿಗೋಲಿಗೆ ಒದಗುವಂತಿಲ್ಲ. 2017ರ ಅರಣ್ಯ ಕಾಯ್ದೆ ತಿದ್ದುಪಡಿ ಬಿದಿರನ್ನು ಮರದ ವ್ಯಾಖ್ಯೆಯಿಂದ ತೆಗೆದುಹಾಕಿದ್ದರಿಂದ, ಹೊಲದಲ್ಲಿ ಬೆಳೆದ ಬಿದಿರನ್ನು ಕಡಿದು ಸಾಗಿಸುವುದು ಹಿಂದಿಗಿಂತ ಸುಲಭವಾಗಿದೆ.